ಎಬಿಎಸ್ ಲೈಟ್ ಹತ್ತಿದರೆ ಫ್ಯೂಸ್ ತೆಗೆಸಬೇಕೇ?

“ಅಣ್ಣಾ, ಮಳ್ಯಾಗ ಹೊಲಕ್ಕ ಹೋಗಿ ಬಂದ ಮ್ಯಾಲ ಕಾರಿನಾಗ ಎಬಿಎಸ್ ಲೈಟ್ ಹತ್ಯದ, ಆರವಲ್ದು. ಬ್ರೇಕ್ ಹೋದವೇನು? ಫ್ಯೂಸ್ ತೆಗೆದ್ರ ಬ್ರೇಕ್ ಇನ್ನೂ ಛಲೋ ಹಿಡೀತಾವ ಅಂತ ಮಿಸ್ತ್ರಿ ಹೇಳ್ತಾನ. ತೆಗಸ್ಲೇನು?”

ಬ್ಯಾಡ್ರಿ. ಮುಂಗಾರು ಶುರುವಾದರೆ ಸಾಕು, ಜೇವರ್ಗಿ, ಸೇಡಂ, ಔರಾದ್ ಎಲ್ಲ ಕಡೆಯಿಂದ ಇದೇ ಪ್ರಶ್ನೆ. ಎಷ್ಟು ಸಲ ಉತ್ತರ ಬರೆದರೂ ಫ್ಯೂಸಿನ ಮಾತು ಮತ್ತೆ ಚಿಗುರುತ್ತದೆ. ಈ ಸಲ ಅದನ್ನು ಬುಡದಿಂದ ಬಿಡಿಸಿ ಹೇಳುತ್ತೇನೆ.

ಮೊದಲು ಲೈಟಿನ ವಿಷಯ. ಹಳದಿ ಎಬಿಎಸ್ ಲೈಟ್ ಒಂದೇ ಉರಿಯುತ್ತಿದ್ದರೆ ಬ್ರೇಕ್ ಹೋಗಿಲ್ಲ. ಜೋರಾಗಿ ಒತ್ತಿದಾಗ ಗಾಲಿ ಜಾಮ್ ಆಗದಂತೆ ತಡೆಯುವ ಕೆಲಸವಷ್ಟೇ ನಿಂತಿದೆ. ನಿಧಾನವಾಗಿ ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಹುದು. ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಕೆಂಪು ಬ್ರೇಕ್ ಲೈಟ್ ಜೊತೆಗೆ ಉರಿದರೆ ಮಾತ್ರ ಗಾಡಿ ನಿಲ್ಲಿಸಿ. ಬ್ರೇಕ್ ಆಯಿಲ್ ಇಳಿದಿರಬಹುದು, ಇಲ್ಲವೇ ಇಬಿಡಿ (ಮುಂದಿನ, ಹಿಂದಿನ ಗಾಲಿಗಳಿಗೆ ಬ್ರೇಕ್ ಒತ್ತಡ ಹಂಚುವ ವ್ಯವಸ್ಥೆ) ಕೂಡ ನಿಂತಿರಬಹುದು. ಎರಡರಲ್ಲಿ ಯಾವುದೇ ಆಗಿದ್ದರೂ ಗಾಡಿಯನ್ನು ಟೋ ಮಾಡಿಸಿ.

ಈಗ ಫ್ಯೂಸ್. ತೆಗೆದರೆ ಛಲೋ ಅನ್ನುವ ಮಾತಿನಲ್ಲಿ ಒಂದು ತುಣುಕು ನಿಜವಿದೆ, ಅದಕ್ಕೇ ಅದು ಸಾಯುತ್ತಿಲ್ಲ. ಸಡಿಲ ಮುರುಮಿನ ದಾರಿಯಲ್ಲಿ ಜಾಮ್ ಆದ ಗಾಲಿ ತನ್ನ ಮುಂದೆ ಮುರುಮು ಗುಡ್ಡೆ ಹಾಕಿಕೊಂಡು ಅದಕ್ಕೇ ತಡೆದು ನಿಲ್ಲುತ್ತದೆ. ಎಬಿಎಸ್ ಸೆಕೆಂಡಿಗೆ ಹಲವು ಸಲ ಗಾಲಿಯನ್ನು ಬಿಟ್ಟು ಹಿಡಿಯುವುದರಿಂದ ಆ ಗುಡ್ಡೆ ಕಟ್ಟುವುದಿಲ್ಲ, ಗಾಡಿ ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತದೆ. ಪೆಡಲ್ ಕಾಲಡಿ ಗರಗರ ಅದುರುತ್ತದೆ. ಬ್ರೇಕ್ ಕೆಟ್ಟಿತೆಂದು ಹೆದರಿ ಜನ ಕಾಲು ಎತ್ತುತ್ತಾರೆ. ಎತ್ತಬಾರದು, ಪಂಪ್ ಮಾಡಲೂಬಾರದು, ಗಾಡಿ ನಿಲ್ಲುವವರೆಗೂ ಗಟ್ಟಿಯಾಗಿ ಒತ್ತಿ ಹಿಡಿಯಬೇಕು.

ಆ ಮಾತಿನಲ್ಲಿ ನಿಜ ಇರುವುದು ಅಷ್ಟೇ. ಜಾಮ್ ಆದ ಮುಂಗಾಲಿ ಸ್ಟೇರಿಂಗಿನ ಮಾತು ಕೇಳುವುದಿಲ್ಲ. ಹಿಂದೆ ಲೈಟಿಲ್ಲದ ಕಬ್ಬಿನ ಟ್ರ್ಯಾಲಿ ಕತ್ತಲಲ್ಲಿ ಎದುರಾದರೆ ನೀವು ಸ್ಟೇರಿಂಗ್ ಎಷ್ಟೇ ತಿರುಗಿಸಿ, ಗಾಡಿ ನೇರ ಹೋಗಿ ಅದಕ್ಕೇ ಬಡಿಯುತ್ತದೆ. ಇನ್ನೂ ದೊಡ್ಡ ಅಪಾಯ ಹಿಂಗಾಲಿಯದು. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬೀಳುತ್ತದೆ, ಹಿಂದೆ ಹಗುರಾಗುತ್ತದೆ. ಹಿಂಗಾಲಿಗೆ ಹೋಗುವ ಒತ್ತಡ ತಗ್ಗಿಸಲು ಹಳೇ ಗಾಡಿಗಳಲ್ಲಿ ಬೇರೆಯೇ ಒಂದು ವಾಲ್ವ್ ಇರುತ್ತಿತ್ತು. ಇಬಿಡಿ ಬಂದ ಮೇಲೆ ಆ ಕೆಲಸವನ್ನು ಎಬಿಎಸ್ ವಾಲ್ವ್‌ಗಳೇ ಮಾಡುತ್ತವೆ. ಗಾಲಿಯ ವೇಗ ಅಳೆಯುವ ಒಂದು ಸೆನ್ಸರ್ ಕೆಟ್ಟರೆ ಸಾಮಾನ್ಯವಾಗಿ ಇಬಿಡಿ ಉಳಿದಿರುತ್ತದೆ. ಫ್ಯೂಸ್ ಕಿತ್ತರೆ ಅದೂ ಹೋಯಿತು. ಶಹಾಬಾದ್ ಕಡೆ ಫರ್ಸಿ ಕಲ್ಲಿನ ಪುಡಿ ಬಿದ್ದ ಡಾಂಬರು ಮೊದಲ ಮಳೆಗೆ ನೆನೆದಾಗ ಬ್ರೇಕ್ ಒತ್ತಿ ನೋಡಿದರೆ, ಹಿಂಗಾಲಿ ಮೊದಲು ಜಾಮ್ ಆಗಿ ಗಾಡಿ ಗಿರಕಿ ಹೊಡೆಯಬಹುದು. ಲೈಟ್ ಹತ್ತಿದ ಗಾಡಿಗಿಂತ ಫ್ಯೂಸ್ ಕಿತ್ತ ಗಾಡಿಯೇ ಹೆಚ್ಚು ಅಪಾಯ. ಫ್ಯೂಸ್ ತೆಗೆದರೂ ಲೈಟ್ ಆರುವುದಿಲ್ಲ. ಕೆಲವರು ಲೈಟಿನ ವೈರನ್ನೂ ಕತ್ತರಿಸುತ್ತಾರೆ, ಅದಂತೂ ಮಾಡಲೇಬಾರದ ಕೆಲಸ.

ಹೊಲದಿಂದ ಬಂದ ಮೇಲೆ ಲೈಟ್ ಹತ್ತಿದ್ದರೆ ಮೊದಲ ಅನುಮಾನ ಎರಿ ಮಣ್ಣಿನ ಮೇಲೆ. ಅದು ಗಾಲಿಯೊಳಗೆ ಮೆತ್ತಿ, ಒಣಗಿ, ತಿರುಗುವಾಗ ಸೆನ್ಸರ್ ವೈರನ್ನು ಜಗ್ಗುತ್ತದೆ. ಗಾಲಿ ಬಿಚ್ಚಿ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆದು, ಸ್ಟ್ರಟ್ (ಗಾಲಿಯ ಶಾಕ್ ಅಬ್ಸಾರ್ಬರ್) ಹತ್ತಿರದ ಕ್ಲಿಪ್‌ಗಳಲ್ಲಿ ವೈರ್ ಕೂತಿದೆಯೇ, ಕನೆಕ್ಟರಿನಲ್ಲಿ ಹಸಿರು ಕಿಲುಬು ಇದೆಯೇ ನೋಡಿ. ಬ್ಯಾಟರಿಯನ್ನೂ ಅಳೆಯಿರಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರಬೇಕು. ಆಮೇಲೆ ಎಬಿಎಸ್ ಓದುವ ಸ್ಕ್ಯಾನರ್ ಹಚ್ಚಿಸಿ. ಅಗ್ಗದ ಸ್ಕ್ಯಾನರ್‌ಗಳು ಬಹುತೇಕ ಎಂಜಿನ್ನಿನ ದೋಷದ ಕೋಡ್ ಮಾತ್ರ ಓದುತ್ತವೆ. ಕೋಡ್ ಎಡ ಮುಂಗಾಲಿ ಸೆನ್ಸರ್ ಅಂದರೆ ಸೆನ್ಸರೇ ಕೆಟ್ಟಿದೆ ಎಂದಲ್ಲ, ಆ ಸರ್ಕ್ಯೂಟ್ ಕೆಟ್ಟಿದೆ. 20 ಕಿಲೋಮೀಟರ್ ವೇಗದಲ್ಲಿ ಓಡಿಸಿ ನಾಲ್ಕೂ ಗಾಲಿಯ ವೇಗವನ್ನು ಸ್ಕ್ಯಾನರಿನಲ್ಲಿ ನೋಡಿ. ಯಾವುದು ಸೊನ್ನೆಗೆ ಬೀಳುತ್ತದೋ ಅಲ್ಲಿ ವೈರ್ ಅಲುಗಿಸಿ ಪರೀಕ್ಷಿಸಿ.

ಗಾಲಿ ಬೇರಿಂಗ್ ಬದಲಿಸಿದ ಮರುದಿನವೇ ಲೈಟ್ ಹತ್ತಿದರೆ ಬೇರಿಂಗ್ ಉಲ್ಟಾ ಕೂರಿಸಿರಬಹುದು. ಈಗಿನ ಬಹಳ ಬೇರಿಂಗ್‌ಗಳ ಒಂದು ಮಗ್ಗುಲಲ್ಲಿ ಅಯಸ್ಕಾಂತದ ಪಟ್ಟಿ ಇರುತ್ತದೆ, ಅದು ಸೆನ್ಸರ್ ಕಡೆಗೇ ಇರಬೇಕು. ಲೈಟೇ ಇಲ್ಲದೆ, ಸಿಗ್ನಲ್ ಹತ್ತಿರ 10 ಕಿಲೋಮೀಟರ್ ವೇಗದಲ್ಲಿ ಪೆಡಲ್ ಗರಗರ ಅಂದರೆ ಟೋನ್ ರಿಂಗ್ (ಸೆನ್ಸರ್ ಓದುವ ಹಲ್ಲಿನ ಉಂಗುರ) ಸೀಳಿದೆಯೇ ನೋಡಿ.

ಯಾರೂ ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಕಡೆಯ ಸಲ ಬ್ರೇಕ್ ಆಯಿಲ್ ಬದಲಿಸಿದ್ದು ಯಾವಾಗ? ಬಹಳ ಮಂದಿ ಮೇಲೆ ತುಂಬಿಸುತ್ತಾರೆ, ಬದಲಿಸುವುದಿಲ್ಲ. ಆಯಿಲ್ ಗಾಳಿಯ ತೇವ ಹೀರುತ್ತದೆ, ಆ ತೇವಕ್ಕೆ ಎಬಿಎಸ್ ಘಟಕದ ಸಣ್ಣ ವಾಲ್ವ್‌ಗಳು ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತವೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಗೆ ಕುದಿಯಬೇಕು ಎಂಬುದು ನಿಯಮ, ತೇವ ಹೀರಿದ್ದಕ್ಕೆ 155 ಡಿಗ್ರಿಯೇ ಕನಿಷ್ಠ ಮಿತಿ. ನಮ್ಮ ಕಲಬುರಗಿ ಬೇಸಿಗೆಯಲ್ಲಿ, ಗಾಡಿ ತುಂಬಾ ಮಂದಿ ಇದ್ದು ಮತ್ತೆ ಮತ್ತೆ ಬ್ರೇಕ್ ಒತ್ತಿದರೆ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಹತ್ತಿರ ಆಯಿಲ್ ಕುದಿದು ಪೆಡಲ್ ಮೆತ್ತಗಾಗಬಹುದು. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಎಬಿಎಸ್ ಘಟಕದೊಳಗೆ ಗಾಳಿ ಹೊಕ್ಕಿದ್ದರೆ ಬಹಳ ಗಾಡಿಗಳಲ್ಲಿ ಪೆಡಲ್ ಒತ್ತಿ ಒತ್ತಿ ಗಾಳಿ ತೆಗೆಯಲು ಆಗುವುದಿಲ್ಲ, ಸ್ಕ್ಯಾನರಿನಿಂದ ಪಂಪ್ ಓಡಿಸಿಯೇ ತೆಗೆಯಬೇಕು. ಕೆಲಸ ಕೊಡುವ ಮುಂಚೆ ಆ ಸೌಕರ್ಯ ಇದೆಯೇ ಎಂದು ಮಿಸ್ತ್ರಿಯನ್ನು ಕೇಳಿಕೊಳ್ಳಿ.