ಸಾವಿರದಲ್ಲೊಂದು ಪಾಲು ತೂಕದ ಗ್ರಹ ನಕ್ಷತ್ರವನ್ನು ಏನು ಮಾಡೀತು?

"ಸೂರ್ಯನ ತೂಕದಲ್ಲಿ ಗುರು ಸಾವಿರದ ಒಂದು ಪಾಲು. ಅಂಥ ಗ್ರಹ ಸುತ್ತುತ್ತಾ ಇದ್ದರೆ ನಕ್ಷತ್ರದ ಬಾಳು ಬದಲಾಗುತ್ತಾ?" ಅಂತ ಗೌರಿಬಿದನೂರಿನ ಓದುಗರೊಬ್ಬರು ಕೇಳಿದ್ದಾರೆ. ಅವರ ಊರಿನ ಹತ್ತಿರವೇ ಸೂರ್ಯನ ರೇಡಿಯೋ ಅಲೆಗಳನ್ನು ಹಿಡಿಯುವ ಆಂಟೆನಾಗಳಿವೆ. ಅಲ್ಲಿಂದ ಈ ಪ್ರಶ್ನೆ ಬಂದದ್ದು ನನಗೆ ತುಂಬಾ ಖುಷಿ.

ಬದಲಾಗುತ್ತದೆ. ಜಾಸ್ತಿ ಬದಲಾಗುವುದು ನಕ್ಷತ್ರಕ್ಕೆ ವಯಸ್ಸಾದ ಮೇಲೆ.

ತೂಕ ಒಂದನ್ನೇ ನೋಡಬೇಡಿ. ಶಾಲೆಯಲ್ಲಿ ಕೋನೀಯ ಸಂವೇಗ ಅಂತ ಓದಿದ್ದೀರಲ್ಲ, ಸುತ್ತುವ ವಸ್ತುವಿನಲ್ಲಿರುವ ಆ ಸುತ್ತಿನ ಜೋರು, ಅದರ ಲೆಕ್ಕ ಹಾಕಿದರೆ ಸೌರವ್ಯೂಹದ ಅರ್ಧಕ್ಕಿಂತ ಜಾಸ್ತಿ ಗುರುವಿನ ಹತ್ತಿರವೇ ಇದೆ. ಸೂರ್ಯನ ಪಾಲು ಶೇ 2ರಷ್ಟೂ ಇಲ್ಲ.

ಸೂರ್ಯನಂಥ ನಕ್ಷತ್ರ ನಡುವಿನ ಹೈಡ್ರೋಜನ್ ಮುಗಿದ ಮೇಲೆ ಉಬ್ಬಿ ಕೆಂಪು ದೈತ್ಯ ಆಗುತ್ತದೆ. ಆಗ ಅದರ ಹೊರಮೈ ನಾವು ಉಸಿರಾಡುವ ಗಾಳಿಗಿಂತಲೂ ತೆಳು, ಹಿಡಿತವೂ ಸಡಿಲ. ಹತ್ತಿರದಲ್ಲಿ ದೊಡ್ಡ ಗ್ರಹ ಇದ್ದರೆ ಅದರ ಸೆಳೆತಕ್ಕೆ ನಕ್ಷತ್ರದ ಮೈಯಲ್ಲಿ ಉಬ್ಬರ ಏಳುತ್ತದೆ, ಆ ಉಬ್ಬರ ಗ್ರಹವನ್ನು ಹಿಂದಕ್ಕೆ ಎಳೆಯುತ್ತದೆ, ಗ್ರಹ ನಿಧಾನಕ್ಕೆ ಒಳಗೆ ಜಾರುತ್ತದೆ. ಒಳಗೆ ಹೋದದ್ದು ಸುಮ್ನೆ ಇರುವುದಿಲ್ಲ. ಮುದ್ದೆ ಕೋಲು ಆಡಿಸಿದರೆ ಪಾತ್ರೆಯಲ್ಲಿರೋದೆಲ್ಲ ಜೊತೆಗೆ ತಿರುಗುತ್ತದಲ್ಲ, ಹಾಗೆ ತನ್ನ ಸುತ್ತಿನ ಜೋರನ್ನು ಕೊಟ್ಟು ಅನಿಲವನ್ನೆಲ್ಲ ತಿರುಗಿಸುತ್ತದೆ, ಕಾಯಿಸುತ್ತದೆ, ಹೊರಕ್ಕೆ ತಳ್ಳುತ್ತದೆ. ಚಿಕ್ಕ ಗ್ರಹವಾದರೆ ಅಲ್ಲೇ ಆವಿಯಾಗಿ ಮುಗಿಯುತ್ತದೆ. ಕಂದು ಕುಬ್ಜವಾದರೆ, ಅಂದರೆ ಗ್ರಹಕ್ಕಿಂತ ಭಾರ ಆದರೆ ನಕ್ಷತ್ರದಂತೆ ಉರಿಯುವಷ್ಟು ತೂಕ ಇಲ್ಲದ್ದಾದರೆ, ಕಥೆಯೇ ಬೇರೆ. ಅದು ಗುರುವಿನ 13ರಿಂದ 80 ಪಟ್ಟು ತೂಗುತ್ತದೆ, ನಕ್ಷತ್ರದ ಹೊದಿಕೆಯನ್ನು ಪೂರ್ತಿ ಕಿತ್ತು ಹಾಕಬಲ್ಲದು.

ಇದು ಬರೀ ಲೆಕ್ಕದ ಮಾತಲ್ಲ. ಸೂರ್ಯನಂಥ ನಕ್ಷತ್ರ ಹೊರಮೈ ಕಳಚಿಕೊಂಡ ಮೇಲೆ ಉಳಿಯುವ ತಿರುಳಿಗೆ ಬಿಳಿ ಕುಬ್ಜ ಅನ್ನುತ್ತಾರೆ. ಡಬ್ಲ್ಯುಡಿ 0137-349 ಅನ್ನುವ ಬಿಳಿ ಕುಬ್ಜವನ್ನು ಗುರುವಿನ ಸುಮಾರು 55 ಪಟ್ಟು ತೂಕದ ಕಂದು ಕುಬ್ಜವೊಂದು 116 ನಿಮಿಷಕ್ಕೆ ಒಂದು ಸುತ್ತು ಹಾಕುತ್ತಿದೆ ಅಂತ 2006ರಲ್ಲಿ ಪ್ರಕಟವಾಯಿತು. ಇಷ್ಟು ಹತ್ತಿರ ಇದೆ ಅಂದರೆ ಅದು ಹಿಂದೆ ಕೆಂಪು ದೈತ್ಯದ ಹೊಟ್ಟೆಯೊಳಗೇ ಇದ್ದಿರಬೇಕು! ಬಿಳಿ ಕುಬ್ಜದ ತೂಕ ಸೂರ್ಯನ ಶೇ 39 ಅಷ್ಟೇ. ಒಂಟಿ ನಕ್ಷತ್ರ ತಾನಾಗಿ ಇಷ್ಟು ಹಗುರ ಬಿಳಿ ಕುಬ್ಜ ಆಗಬೇಕಾದರೆ ವಿಶ್ವದ ವಯಸ್ಸೂ ಸಾಲದು. ಬೆಳವಣಿಗೆ ಅರ್ಧಕ್ಕೇ ನಿಂತಿದೆ, ನಿಲ್ಲಿಸಿದ್ದು ಈ ಜೊತೆಗಾರ. ನನಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಇದೇ.

ನುಂಗುವುದನ್ನೂ ನೋಡಿಯಾಗಿದೆ. 2020ರಲ್ಲಿ, ಶ್ರವಣ ನಕ್ಷತ್ರ ಇರುವ ಗರುಡ ಪುಂಜದ ಕಡೆ, ಸುಮಾರು 12,000 ಜ್ಯೋತಿರ್ವರ್ಷ ದೂರದಲ್ಲಿ ಒಂದು ನಕ್ಷತ್ರ ಇದ್ದಕ್ಕಿದ್ದಂತೆ ಬೆಳಗಿ ಮಂಕಾಯಿತು. ಗ್ರಹ ನುಂಗಿದ ಗುರುತು ಅದು. ಮೊದಲು ನಕ್ಷತ್ರವೇ ಉಬ್ಬಿ ನುಂಗಿತು ಅಂದುಕೊಂಡಿದ್ದರು. ಆಮೇಲೆ ಜೇಮ್ಸ್ ವೆಬ್ ದೂರದರ್ಶಕದಿಂದ ನೋಡಿದಾಗ, ಗ್ರಹವೇ ಸುತ್ತುತ್ತಾ ಸುತ್ತುತ್ತಾ ಒಳಗೆ ಜಾರಿರಬೇಕು ಅಂತ ತೋರಿತು.

ಹಾಗಾದರೆ ಗುರುವಿನಿಂದ ನಮ್ಮ ಸೂರ್ಯನಿಗೂ ಇದೇ ಗತಿಯಾ? ಇಲ್ಲ. ಗುರು ಇರುವುದು ನಮಗಿಂತ 5 ಪಟ್ಟು ದೂರದಲ್ಲಿ, ಸುಮಾರು 500 ಕೋಟಿ ವರ್ಷಗಳ ನಂತರ ಉಬ್ಬುವ ಸೂರ್ಯ ಅಲ್ಲಿವರೆಗೆ ಮುಟ್ಟುವುದಿಲ್ಲ. ಒಳಗೆ ಹೋಗುವುದು ಬುಧ, ಶುಕ್ರ, ಬಹುಶಃ ನಮ್ಮ ಭೂಮಿ. ಮೂರೂ ಸೇರಿದರೂ ಗುರುವಿನ ನೂರರಲ್ಲೊಂದು ಪಾಲು ಆಗುವುದಿಲ್ಲ, ಅವು ಆವಿಯಾಗಿ ಬೆರೆತು ಹೋಗುತ್ತವೆ.