ಕಾಲಲ್ಲಿದ್ದ ಆಟ ಪೆನಾಲ್ಟಿ ಹೊತ್ತಿಗೆ ಎಲ್ಲಿ ಹೋಯಿತು?

ಮಳೆಗಾಲದಲ್ಲಿ ಚಿಕ್ಕಮಗಳೂರಿನ ಜಿಲ್ಲಾ ಆಟದ ಮೈದಾನದಲ್ಲಿ ಫುಟ್‌ಬಾಲ್ ಆಡಿದವರಿಗೆ ಗೊತ್ತು, ಅದು ಅರ್ಧ ಫುಟ್‌ಬಾಲ್, ಅರ್ಧ ಕೆಸರುಗದ್ದೆ ಓಟ. ಚೆಂಡು ಒದ್ದರೆ ಚೆಂಡಿಗಿಂತ ನೀರೇ ಮುಂದೆ ಹೋಗುತ್ತದೆ. ಅಂಥ ಮೈದಾನದಲ್ಲೂ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಓಡುತ್ತಿದ್ದ ಒಬ್ಬ ಹುಡುಗ ನಮ್ಮ ಜೊತೆಗಿದ್ದ. ಕಾಫಿ ತೋಟದ ಲೈನ್ ಮನೆಯಿಂದ ಬರುತ್ತಿದ್ದವನು. ಪ್ರಾಕ್ಟೀಸಿನಲ್ಲಿ ಮೂರು ಜನ ಮುತ್ತಿದರೂ ನಡುವಿನಿಂದ ನುಸುಳಿ ನಗುತ್ತಾ ಆಚೆ ಬರುತ್ತಿದ್ದ.

ಮ್ಯಾಚಿನ ದಿನ ಅವನು ಬೇರೆಯೇ ಆಗಿಬಿಡುತ್ತಿದ್ದ. ಚೆಂಡು ಬಂದ ಕೂಡಲೇ ಕೆಂಡ ಮುಟ್ಟಿದವನ ಹಾಗೆ ಪಕ್ಕದವನಿಗೆ ದಾಟಿಸುತ್ತಿದ್ದ. ಒಂದು ಟೂರ್ನಿಯ ಸೆಮಿಫೈನಲ್ ಪೆನಾಲ್ಟಿಗೆ ಹೋಯಿತು. ನಮ್ಮ ಕೊನೆಯ ಕಿಕ್ ಅವನದು. ಚೆಂಡು ಗೋಲಿನ ಮೇಲೆ ಹಾರಿ ಹಿಂದಿನ ಮೋರಿಗೆ ಬಿತ್ತು. ‘ಆಟ ಇದೆ, ಗುಂಡಿಗೆ ಇಲ್ಲ’ ಅಂತ ನಾವೆಲ್ಲ ತೀರ್ಪು ಕೊಟ್ಟೆವು. ನಾನೂ ಕೊಟ್ಟೆ.

ಗುಂಡಿಗೆ ಅನ್ನೋದು ಮೂಗಿನ ಹಾಗೆ, ಕೆಲವರಿಗೆ ಉದ್ದ, ಕೆಲವರಿಗೆ ಮೊಂಡು, ಹುಟ್ಟಿದಾಗ ಬಂದದ್ದೇ ಕೊನೆಯವರೆಗೆ. ಇದು ನಮ್ಮ ಲೆಕ್ಕಾಚಾರವಾಗಿತ್ತು. ದೊಡ್ಡ ಫುಟ್‌ಬಾಲ್ ಜಗತ್ತು ಕೂಡ ಬಹಳ ವರ್ಷ ಇದನ್ನೇ ನಂಬಿಕೊಂಡಿತ್ತು ಅಂತ ಆಮೇಲೆ ಓದಿದಾಗ ಸ್ವಲ್ಪ ಸಮಾಧಾನವೂ ಆಯಿತು, ಸ್ವಲ್ಪ ನಾಚಿಕೆಯೂ ಆಯಿತು.

ನಮ್ಮ ದೇಶದ್ದೇ ಮೊದಲು ನೋಡೋಣ. 1948ರ ಜುಲೈ 31, ಲಂಡನ್ ಒಲಿಂಪಿಕ್ಸ್. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಭಾರತ ಫ್ರಾನ್ಸ್ ಎದುರು 2–1ರಲ್ಲಿ ಸೋತಿತು. ನಮ್ಮ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು ಅನ್ನೋದು ಕತೆಯಾಗಿ ಉಳಿಯಿತು. ಅದೇ ಪಂದ್ಯದಲ್ಲಿ ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿದ್ದವು, ಎರಡೂ ಗೋಲಾಗಲಿಲ್ಲ. ಇದನ್ನು ನೆನಪಿಸಿಕೊಳ್ಳುವವರು ಕಡಿಮೆ. ಕಾಲಲ್ಲಿ ಏನಿರಲಿಲ್ಲ ಅಂತ ಎಲ್ಲರೂ ಕೇಳಿದರು. ಆ ಹೊತ್ತಲ್ಲಿ ತಲೆಯಲ್ಲಿ ಏನಿತ್ತು ಅಂತ ಯಾರೂ ಕೇಳಿದ ಹಾಗಿಲ್ಲ.

ಎರಡೇ ವರ್ಷಕ್ಕೆ, 1950ರಲ್ಲಿ, ಬ್ರೆಜಿಲ್‌ನ ಮರಕಾನಾ ಮೈದಾನದಲ್ಲಿ ವಿಶ್ವಕಪ್‌ನ ಕೊನೆಯ ಪಂದ್ಯ. ಸುಮಾರು 2 ಲಕ್ಷ ಜನ. ಬ್ರೆಜಿಲ್‌ಗೆ ಡ್ರಾ ಸಾಕಿತ್ತು, ಮೊದಲ ಗೋಲೂ ಅವರದೇ. ಆಗ ಉರುಗ್ವೆ ನಾಯಕ ಒಬ್ದುಲಿಯೊ ವರೇಲ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ನಿಧಾನವಾಗಿ ನಡೆದು ಬಂದು, ಅದು ಆಫ್‌ಸೈಡ್ ಅಂತ ಇಂಗ್ಲಿಷ್ ರೆಫ್ರಿ ಜೊತೆ ವಾದಕ್ಕೆ ನಿಂತ. ಭಾಷೆ ತಿಳಿಯುವುದಿಲ್ಲ, ದುಭಾಷಿ ಬೇಕು ಅಂದ. ಗೋಲು ರದ್ದಾಗೋದಿಲ್ಲ ಅಂತ ಅವನಿಗೂ ಗೊತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಸಮಯ. ಕಿರುಚುತ್ತಿದ್ದ ಮೈದಾನ ತಣ್ಣಗಾಯಿತು, ತನ್ನ ಹುಡುಗರ ಉಸಿರು ಹದಕ್ಕೆ ಬಂತು. ಉರುಗ್ವೆ 2–1ರಲ್ಲಿ ಗೆದ್ದಿತು. ಎಲ್ಲರೂ ಅವನನ್ನು ಗಂಡೆದೆಯವನು ಅಂತ ಹೊಗಳಿದರು. ಅವನು ಮಾಡಿದ್ದು ಒಂದು ಕೆಲಸ, ಬೇರೆಯವರೂ ಕಲಿಯಬಹುದಾದ ಕೆಲಸ ಅಂತ ನೋಡಿದವರು ಕಡಿಮೆ.

ಆ ಸೋಲಿನಿಂದ ಬ್ರೆಜಿಲ್ ಎಷ್ಟು ಬೆದರಿತು ಅಂದರೆ 1958ರ ವಿಶ್ವಕಪ್ ತಂಡದ ಜೊತೆಗೆ ಒಬ್ಬ ಮನಃಶಾಸ್ತ್ರಜ್ಞನನ್ನೇ ಸೇರಿಸಿಕೊಂಡಿತು. ಹೆಸರು ಜುವಾಂವ್ ಕರ್ವಾಲ್ಯಾಯಿಸ್. ಆತ ಆಟಗಾರರಿಗೆ ಚಿತ್ರ ಬರೆಯಲು ಹೇಳಿ, ಪ್ರಶ್ನೆ ಕೇಳಿ ವರದಿ ಕೊಟ್ಟ. 17 ವರ್ಷದ ಒಬ್ಬ ಹುಡುಗ ಇನ್ನೂ ಮಗು, ಹೋರಾಡುವ ಛಲ ಇಲ್ಲ, ಆಡಿಸಬೇಡಿ. ಇನ್ನೊಬ್ಬ ಗರಿಂಚಾ, ಅವನೂ ಬೇಡ. ಆ ಹುಡುಗ ಪೆಲೆ. ಕೋಚ್ ವಿಸೆಂಟೆ ಫಿಯೋಲಾ ವರದಿಯನ್ನು ಪಕ್ಕಕ್ಕಿಟ್ಟರು. ನೀವು ಹೇಳಿದ್ದು ಸರಿ ಇರಬಹುದು, ಆದರೆ ನಿಮಗೆ ಫುಟ್‌ಬಾಲ್ ಗೊತ್ತಿಲ್ಲ, ಪೆಲೆಯ ಮಂಡಿ ಸರಿಯಾದರೆ ಅವನು ಆಡುತ್ತಾನೆ ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟರಂತೆ. ಇಬ್ಬರೂ ಮೂರನೇ ಪಂದ್ಯದಲ್ಲಿ ಕಣಕ್ಕಿಳಿದರು. ಪೆಲೆ ಒಟ್ಟು 6 ಗೋಲು ಹೊಡೆದ, ಅದರಲ್ಲಿ ಎರಡು ಫೈನಲ್‌ನಲ್ಲಿ. ಸ್ವೀಡನ್ 5–2ರಲ್ಲಿ ಸೋತಿತು.

ಈ ಕತೆ ಕೇಳಿ ಮನಃಶಾಸ್ತ್ರವನ್ನೇ ಗೇಲಿ ಮಾಡುವವರು ಈಗಲೂ ಇದ್ದಾರೆ. ನನಗೆ ತೋರುವುದು ಬೇರೆ. ಆತನ ಪ್ರಶ್ನೆಯೇ ತಪ್ಪಾಗಿತ್ತು. ‘ಇವನಲ್ಲಿ ಗುಂಡಿಗೆ ಇದೆಯಾ, ಇಲ್ವಾ’ ಅಂತ ಜರಡಿ ಹಿಡಿದು ಕೂತ. ನಾವು ಮೋರಿ ಪಕ್ಕ ನಿಂತು ಮಾಡಿದ್ದೂ ಅದನ್ನೇ, ಚಿತ್ರ ಬರೆಸಲಿಲ್ಲ ಅಷ್ಟೆ.

ಮನಸ್ಸು ಆಟವನ್ನು ಹೇಗೆ ಕೆಡಿಸುತ್ತದೆ ಅನ್ನೋದಕ್ಕೆ ಒಂದು ಸುಳಿವು ಬಹಳ ಹಿಂದೆಯೇ ಸಿಕ್ಕಿತ್ತು. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಅನ್ನುವ ಇಬ್ಬರು ಅಮೆರಿಕನ್ನರು ಇಲಿಗಳ ಮೇಲೆ ಪ್ರಯೋಗ ಮಾಡಿದ್ದರು. ಕಲಿಯುವ ಕೆಲಸ ಕಷ್ಟದ್ದಾದಾಗ, ಒತ್ತಡ ತೀರಾ ಕಡಿಮೆಯಿದ್ದರೂ ಇಲಿ ಚೆನ್ನಾಗಿ ಕಲಿಯಲಿಲ್ಲ, ತೀರಾ ಜಾಸ್ತಿಯಾದರೂ ಕಲಿಯಲಿಲ್ಲ. ಸಾರಿಗೆ ಉಪ್ಪು ಹಾಕಿದ ಹಾಗೆ.

ಇನ್ನೊಂದು ವಿವರಣೆ ಆಮೇಲೆ ಬಂತು. ಅದನ್ನು ನಮ್ಮ ಕಡೆಯವರಿಗೆ ಹೇಳೋದು ಸುಲಭ. ಕಾಫಿ ಕೊಯ್ಯುವ ಹೆಂಗಸರ ಕೈ ನೋಡಿದ್ದೀರಲ್ವಾ? ಪಕ್ಕದವಳ ಜೊತೆ ಮಾತಾಡುತ್ತಲೇ ಹಣ್ಣು ಬಿಡಿಸಿ ಚೀಲಕ್ಕೆ ಹಾಕುತ್ತಿರುತ್ತಾರೆ, ಹಸಿರು ಕಾಯಿ ಗಿಡದಲ್ಲೇ ಉಳಿದಿರುತ್ತದೆ. ಈಗ ಸಾಹುಕಾರರು ಎದುರಿಗೆ ಬಂದು ನಿಂತು, ‘ಯಾವ ಬೆರಳು ಮೊದಲು ಹೋಗುತ್ತೆ ತೋರಿಸು’ ಅಂತ ಕೇಳಲಿ. ಕೈ ತಡವರಿಸುತ್ತದೆ. ಕೆಲಸ ಮರೆತುಹೋಗಿಲ್ಲ, ತಾನಾಗೇ ನಡೆಯುತ್ತಿದ್ದದ್ದಕ್ಕೆ ಬುದ್ಧಿ ಅಡ್ಡ ಬಂತು. ಒತ್ತಡ ಬಿದ್ದಾಗ ಆಟಗಾರ ತನ್ನ ಕಾಲನ್ನು ತಾನೇ ಗಮನಿಸಲು ಶುರು ಮಾಡುತ್ತಾನೆ. ಪಾದ ಎಲ್ಲಿಡಲಿ, ಎಷ್ಟು ಹೆಜ್ಜೆ ಇಡಲಿ, ತಪ್ಪಿದರೆ ಏನು ಗತಿ. ಪ್ರತಿಭೆ ಜಾಸ್ತಿ ಇದ್ದವನಿಗೇ ಈ ಕಾಟ ಜಾಸ್ತಿ ಅಂತ ನನ್ನ ಅನಿಸಿಕೆ, ಯಾಕೆಂದರೆ ಎಲ್ಲರ ಕಣ್ಣೂ ಅವನ ಮೇಲೇ ಇರುತ್ತದೆ.

ಇದು ಫುಟ್‌ಬಾಲ್‌ಗೆ ಮಾತ್ರ ಬಂದ ರೋಗವೂ ಅಲ್ಲ. 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್ ಫೈನಲ್‌ನಲ್ಲಿ ಭಾರತ 229 ರನ್ ಬೆನ್ನಟ್ಟುತ್ತಿತ್ತು. 3 ವಿಕೆಟ್‌ಗೆ 191 ಇದ್ದದ್ದು 219ಕ್ಕೆ ಆಲೌಟ್ ಆಯಿತು. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ ಅಂದು 35 ರನ್ ಹೊಡೆದಿದ್ದರು ಅಂತ ನಾವು ಈಗಲೂ ಹೇಳಿಕೊಳ್ಳುತ್ತೇವೆ. ಒಬ್ಬರಿಗೆ ಬಂದ ಗಾಬರಿ ಡ್ರೆಸ್ಸಿಂಗ್ ರೂಮ್‌ವರೆಗೂ ಹರಡುತ್ತದೆ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಫುಟ್‌ಬಾಲ್‌ನಲ್ಲಿ ಮನಸ್ಸಿನ ಆಟ ಎಲ್ಲರ ಕಣ್ಣಿಗೂ ಬಿದ್ದದ್ದು 1970ರ ನಂತರ. ಡ್ರಾ ಆದ ಪಂದ್ಯವನ್ನು ಪೆನಾಲ್ಟಿಯಿಂದ ತೀರ್ಮಾನಿಸುವ ನಿಯಮ ಬಂದದ್ದು ಆ ವರ್ಷ. ಅದಕ್ಕೂ ಮೊದಲು ನಾಣ್ಯ ಚಿಮ್ಮಿಸಿ ಗೆದ್ದವರನ್ನು ಆರಿಸಿದ್ದೂ ಉಂಟು. ಈಗ 11 ಮೀಟರ್ ದೂರ, ಎದುರಿಗೆ ಗೋಲಿ ಒಬ್ಬನೇ, ಅಡ್ಡ ಬರುವವರಿಲ್ಲ. ಕೌಶಲದ ಮಟ್ಟಿಗೆ ಇದು ಬಹಳ ಸುಲಭದ ಕಿಕ್. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಅನ್ನೋ ಹಾಗೆ ದೂರಲು ಇಲ್ಲಿ ನೆಲವೂ ಸಿಗುವುದಿಲ್ಲ.

1994ರ ವಿಶ್ವಕಪ್ಪಿನ ರೊಬೆರ್ಟೊ ಬಾಜ್ಜೊ ಕತೆ ನಮ್ಮ ತಲೆಮಾರಿನವರಿಗೆಲ್ಲ ಗೊತ್ತು. ಇಟಲಿಯನ್ನು ಫೈನಲ್‌ಗೆ ತಂದವನೇ ಅವನು, ನಾಕೌಟ್ ಪಂದ್ಯಗಳಲ್ಲಿ 5 ಗೋಲು. ಕೊನೆಯ ಪೆನಾಲ್ಟಿ ಆಕಾಶಕ್ಕೆ ಹೋಯಿತು, ವಿಶ್ವಕಪ್ ಬ್ರೆಜಿಲ್‌ಗೆ ಹೋಯಿತು. ಅವನಿಗಿಂತ ಮೊದಲು ಬರೇಸಿ, ಮಸ್ಸಾರೊ ಕೂಡ ತಪ್ಪಿದ್ದರು, ಆದರೆ ಫೋಟೊದಲ್ಲಿ ತಲೆ ತಗ್ಗಿಸಿ ನಿಂತಿರುವವನು ಬಾಜ್ಜೊ ಒಬ್ಬನೇ. ಫೋಟೊದಲ್ಲಿ ಇಲ್ಲದ ವಿಷಯ ಇನ್ನೊಂದಿದೆ. 1998ರಲ್ಲಿ ಚಿಲಿ ಎದುರು ಇಟಲಿ ಸೋಲುವ ಸ್ಥಿತಿಯಲ್ಲಿದ್ದಾಗ ಪೆನಾಲ್ಟಿ ಸಿಕ್ಕಿತು. ಚೆಂಡಿನ ಹಿಂದೆ ನಿಂತವನು ಮತ್ತೆ ಅವನೇ. ಗೋಲು.

ಇಂಗ್ಲೆಂಡ್‌ನದು ಇನ್ನೂ ಉದ್ದದ ಗೋಳು. 1990, 1996, 1998, 2004, 2006, ಈ ವರ್ಷಗಳ ದೊಡ್ಡ ಟೂರ್ನಿಗಳೆಲ್ಲ ಅವರಿಗೆ ಪೆನಾಲ್ಟಿ ಸೋಲಿನಲ್ಲೇ ಮುಗಿದವು. 1996ರಲ್ಲಿ ತಪ್ಪಿಸಿದವನು ಗ್ಯಾರೆತ್ ಸೌತ್‌ಗೇಟ್. ಅದಕ್ಕೂ ಮೊದಲು ಪಂದ್ಯದಲ್ಲಿ ಅವನು ಹೊಡೆದಿದ್ದದ್ದು ಒಂದೇ ಪೆನಾಲ್ಟಿ, ಅದೂ ಕಂಬಕ್ಕೆ ಬಡಿದಿತ್ತು. ಸುಮ್ನೆ ಜೋರಾಗಿ ಒದೀಬಾರದಿತ್ತಾ ಅಂತ ಅವನ ತಾಯಿಯೇ ಕೇಳಿದರಂತೆ. ಯಾವ ದೇಶದ ತಾಯಿಯಾದರೂ ಅಷ್ಟೇ.

ಲಾಟರಿ ಇದು, ಅಭ್ಯಾಸ ಮಾಡಿ ಪ್ರಯೋಜನವಿಲ್ಲ ಅಂತ ಅಲ್ಲಿನವರು ಕೈಚೆಲ್ಲಿದ್ದಾಗ ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್ ನೂರಾರು ಪೆನಾಲ್ಟಿಗಳ ವಿಡಿಯೊ ನೋಡುತ್ತಾ ಕೂತಿದ್ದರು. ಅವರು ಕಂಡದ್ದು ಸರಳವಾಗಿತ್ತು. ಈ ಕಿಕ್ ಹೊಡೆದರೆ ಗೆದ್ದೆವು ಅನ್ನುವ ಹೊತ್ತಲ್ಲಿ 10ರಲ್ಲಿ 9 ಗೋಲಾಗುತ್ತವೆ. ತಪ್ಪಿದರೆ ಸೋತೆವು ಅನ್ನುವಾಗ ಅದು 10ರಲ್ಲಿ 6ರ ಆಸುಪಾಸಿಗೆ ಇಳಿಯುತ್ತದೆ. ಕಾಲು ಅದೇ, ಚೆಂಡು ಅದೇ, ದೂರ ಅದೇ. ಶಿಳ್ಳೆ ಊದಿದ ಕೂಡಲೇ ಓಡಿ ಒದೆಯುವವರು ಜಾಸ್ತಿ ತಪ್ಪುತ್ತಾರೆ, ಒಂದು ಗಳಿಗೆ ನಿಂತು ಉಸಿರು ತೆಗೆದುಕೊಂಡವರು ಕಡಿಮೆ ತಪ್ಪುತ್ತಾರೆ. ಅವಸರ ಧೈರ್ಯದ ಗುರುತಲ್ಲ, ಆ ಜಾಗದಿಂದ ಬೇಗ ಪಾರಾಗುವ ಆಸೆ ಅದು. ಎಲ್ಲರಿಗಿಂತ ಅವಸರದವರು ಇಂಗ್ಲೆಂಡಿನವರೇ ಆಗಿದ್ದರು. ನಮ್ಮ ಹುಡುಗನೂ ಶಿಳ್ಳೆ ಪೂರ್ತಿ ಮುಗಿಯುವ ಮೊದಲೇ ಓಡಿದ್ದ ಅಂತ ಇದನ್ನು ಓದಿದಾಗ ನೆನಪಾಯಿತು.

ಅದೇ ಸೌತ್‌ಗೇಟ್ ಮುಂದೆ ಇಂಗ್ಲೆಂಡ್ ಕೋಚ್ ಆದ. 2018ರ ವಿಶ್ವಕಪ್‌ಗೆ ಮೊದಲು ಪಿಪ್ಪಾ ಗ್ರೇಂಜ್ ಅನ್ನುವ ಮನಃಶಾಸ್ತ್ರಜ್ಞೆ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಸೇರಿದ್ದರು. ಆಟಗಾರರು ದಣಿದಿದ್ದಾಗ ಪೆನಾಲ್ಟಿ ಹೊಡೆಸಿದರು, ಮಧ್ಯದಿಂದ ಚೆಂಡಿನವರೆಗೆ ನಡೆದು ಬರುವುದನ್ನೂ ಅಭ್ಯಾಸ ಮಾಡಿಸಿದರು. ಕೊಲಂಬಿಯಾ ಎದುರು ಹೆಂಡರ್ಸನ್ ತಪ್ಪಿದರೂ ತಂಡ 4–3ರಲ್ಲಿ ಗೆದ್ದಿತು. ಕಾಯಿಲೆ ಪೂರ್ತಿ ವಾಸಿಯಾಯಿತು ಅಂತಲ್ಲ. 2021ರಲ್ಲಿ ಯೂರೊ, ಅಂದರೆ ಯುರೋಪಿನ ದೇಶಗಳ ಕಪ್, ಅದರ ಫೈನಲ್‌ನಲ್ಲಿ ಮೂವರು ತಪ್ಪಿದರು, ಮೂವರೂ ಕರಿಯ ಹುಡುಗರು, ಅವರ ಮೇಲೆ ಜನಾಂಗ ನಿಂದನೆಯ ಮಳೆಯೇ ಸುರಿಯಿತು. ಅವರಲ್ಲಿ ಒಬ್ಬ, ಆಗ 19ರ ಸಾಕಾ, 2024ರ ಯೂರೊದಲ್ಲಿ ಸ್ವಿಟ್ಜರ್ಲೆಂಡ್ ಎದುರು ಮತ್ತೆ ಪೆನಾಲ್ಟಿಗೆ ನಿಂತು ಗೋಲು ಹೊಡೆದ.

ತಜ್ಞರನ್ನು ಕರೆದರೆ ಸಾಕು ಅಂತ ಅಂದುಕೊಳ್ಳುವವರಿಗೆ 2014ರ ವಿಶ್ವಕಪ್ಪಿನ ಬ್ರೆಜಿಲ್ ಇದೆ. ಚಿಲಿ ಎದುರಿನ ಪೆನಾಲ್ಟಿಗಳ ಹೊತ್ತಲ್ಲಿ ಆಟಗಾರರು ಮೈದಾನದಲ್ಲೇ ಅತ್ತರು. ತಂಡದ ಮನಃಶಾಸ್ತ್ರಜ್ಞೆ ಗಡಿಬಿಡಿಯಲ್ಲಿ ಬಂದರು. ಹತ್ತು ದಿನದ ನಂತರ ಅದೇ ಮೈದಾನದಲ್ಲಿ ಜರ್ಮನಿ 7–1ರಲ್ಲಿ ಹೊಡೆಯಿತು, ಅದರಲ್ಲಿ ನಾಲ್ಕು ಗೋಲು ಆರೇ ನಿಮಿಷದಲ್ಲಿ. ಗದ್ದೆ ಒಣಗಿದ ಮೇಲೆ ಕಾಲುವೆ ತೋಡಿದ ಹಾಗಾಯಿತು.

ಇಷ್ಟೆಲ್ಲ ಹೇಳುವಾಗ ಒಂದು ಎಚ್ಚರ ಬೇಕು. ಮನೋಬಲ ಅಂದರೆ ಹಲ್ಲು ಕಚ್ಚಿ ಸಹಿಸೋದು ಅಂತ ಹಳಬರು ಕಲಿಸಿದ್ದರಿಂದ ಆದ ಅನಾಹುತ ದೊಡ್ಡದು. ಜರ್ಮನಿಯ ಗೋಲಿ ರಾಬರ್ಟ್ ಎಂಕೆ ವರ್ಷಗಟ್ಟಲೆ ಖಿನ್ನತೆಯನ್ನು ಬಚ್ಚಿಟ್ಟುಕೊಂಡೇ ಆಡಿದ. 2009ರ ನವೆಂಬರ್‌ನಲ್ಲಿ, 32ನೇ ವಯಸ್ಸಿಗೆ, ಜೀವ ಕಳೆದುಕೊಂಡ. ಅದೇ ವರ್ಷ ಗೆಳೆಯ ದಾನಿ ಹಾರ್ಕೆ ತೀರಿಕೊಂಡ ಮೇಲೆ ಸ್ಪೇನಿನ ಇನಿಯೆಸ್ಟಾ ಕೂಡ ಕುಸಿದಿದ್ದ. ಅವನು ಸಹಾಯ ಕೇಳಿದ, ಚಿಕಿತ್ಸೆ ಪಡೆದ. 2010ರ ವಿಶ್ವಕಪ್ ಫೈನಲ್‌ನ ಗೆಲುವಿನ ಗೋಲು ಅವನದು. ಜೆರ್ಸಿ ಬಿಚ್ಚಿದಾಗ ಒಳಗಿನ ಬನಿಯನ್ ಮೇಲೆ ಆ ಗೆಳೆಯನ ಹೆಸರಿತ್ತು. ಇವರಿಬ್ಬರಲ್ಲಿ ಯಾರಿಗೂ ಗುಂಡಿಗೆ ಕಡಿಮೆ ಇರಲಿಲ್ಲ.

ನಮ್ಮಲ್ಲೂ ಗಟ್ಟಿತನದ ಕತೆಗಳಿಗೆ ಬರವಿಲ್ಲ. 1962ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಇಡೀ ಮೈದಾನ ಭಾರತದ ವಿರುದ್ಧ ಕೂಗುತ್ತಿತ್ತು. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್ ಸಿಂಗ್ ಒಂದು ಗೋಲು ಹೊಡೆದರು, ದಕ್ಷಿಣ ಕೊರಿಯಾವನ್ನು 2–1ರಲ್ಲಿ ಸೋಲಿಸಿದೆವು. 2023ರ ಜುಲೈ 4ರಂದು ಬೆಂಗಳೂರಿನ ಕಂಠೀರವದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಯ ಫೈನಲ್ ಕುವೈತ್ ಎದುರು 1–1ಕ್ಕೆ ನಿಂತಾಗ, ನಮ್ಮೂರಿನಿಂದ ಹೋಗಿದ್ದ ಹುಡುಗರು ಗ್ಯಾಲರಿಯಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದರಂತೆ. ಗೋಲಿ ಗುರುಪ್ರೀತ್ ಸಿಂಗ್ ಸಂಧು ಕೊನೆಯ ಪೆನಾಲ್ಟಿ ತಡೆದರು, 5–4ರಲ್ಲಿ ಗೆದ್ದೆವು.

ಈಗ ಮೈದಾನಕ್ಕೆ ಬರುವ ಹುಡುಗರ ಹತ್ತಿರ ಒಳ್ಳೆಯ ಬೂಟು ಇದೆ, ಮೊಬೈಲಿನಲ್ಲಿ ದಿನಾ ಯುರೋಪಿನ ಆಟ ಇದೆ. ಪೆನಾಲ್ಟಿ ಅಭ್ಯಾಸ ಮಾತ್ರ ಇನ್ನೂ ಆಟ ಮುಗಿದ ಮೇಲಿನ ತಮಾಷೆ. ಕಳೆದ ತಿಂಗಳು ಒಂದು ಸಂಜೆ, ಸುಸ್ತಾದ ಮೇಲೆ ಮಧ್ಯದಿಂದ ಒಬ್ಬೊಬ್ಬರೇ ನಡೆದು ಬಂದು ಹೊಡೆಯಿರಿ, ಉಳಿದವರು ಕೂಗಾಡಿ ಅಂತ ಹೇಳಿ ನೋಡಿದೆ. ಮೊದಲು ನಕ್ಕರು. ಹತ್ತರಲ್ಲಿ ನಾಲ್ಕು ತಪ್ಪಿದ ಮೇಲೆ ನಗು ನಿಂತಿತು.

ಇದನ್ನು ಬರೆಯುವ ಮೊದಲು ಆ ಹಳೆಯ ಗೆಳೆಯನಿಗೆ ಫೋನ್ ಮಾಡಿದ್ದೆ. ಈಗ ಬೇರೆ ಊರಿನಲ್ಲಿದ್ದಾನೆ, ಮಗನಿಗೆ ಹತ್ತು ವರ್ಷ. ಚೆಂಡು ಮೋರಿಗೆ ಬಿದ್ದದ್ದು ಅವನಿಗೆ ಅಷ್ಟಾಗಿ ನೆನಪಿಲ್ಲ. ‘ವಾಪಸ್ ನಡ್ಕೊಂಡು ಬಂದದ್ದು ನೆನಪಿದೆ ಮಾರಾಯ. ಒಬ್ಬನೂ ಎದುರಿಗೆ ಬರ್ಲಿಲ್ಲ’ ಅಂದ. ನಾನು ಆಗ ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದೆ. ಲೇಸ್ ಬಿಚ್ಚಿರಲಿಲ್ಲ.