ಬಾಡಿಗೆ ನೆಲದ ಮೇಲಿನ ಓಟ: ಬ್ರಿಟಿಷ್ ಸ್ಪೀಡ್‌ವೇ ಬರೀ ನೆನಪಾಗುತ್ತಿರುವುದೇಕೆ?

ಪೂರ್ವ ಲಂಡನ್ನಿನ ಕಸ್ಟಮ್ ಹೌಸ್ ಭಾಗದಲ್ಲಿ ಒಂದು ಬಡಾವಣೆಯಿದೆ. ಅಲ್ಲಿನ ಬೀದಿಗಳ ಹೆಸರು ಹಾಸ್ಕಿನ್ಸ್ ಕ್ಲೋಸ್, ವಿಲ್ಕಿನ್ಸನ್ ರೋಡ್, ಯಂಗ್ ರೋಡ್, ಕ್ರೂಂಬ್ಸ್ ರೋಡ್, ಅಟ್ಕಿನ್ಸನ್ ರೋಡ್. ಬ್ಲೂಯಿ ವಿಲ್ಕಿನ್ಸನ್ ಮಣ್ಣಿನ ಟ್ರ್ಯಾಕಿನ ಬೈಕು ಓಟವಾದ ಸ್ಪೀಡ್‌ವೇಯ 1938ರ ವಿಶ್ವ ಚಾಂಪಿಯನ್. ಜ್ಯಾಕ್ ಯಂಗ್ 1951 ಮತ್ತು 1952ರಲ್ಲಿ ಸತತವಾಗಿ ಗೆದ್ದವರು. ಟಾಮಿ ಕ್ರೂಂಬ್ಸ್, ಆರ್ಥರ್ ಅಟ್ಕಿನ್ಸನ್ ವೆಸ್ಟ್ ಹ್ಯಾಮ್ ತಂಡದ ಸವಾರರು. ಜಾನಿ ಹಾಸ್ಕಿನ್ಸ್ ಆ ತಂಡವನ್ನು ನಡೆಸಿದ ಆಯೋಜಕ. 1972ರವರೆಗೂ ಅಲ್ಲಿ ವೆಸ್ಟ್ ಹ್ಯಾಮ್ ಸ್ಟೇಡಿಯಂ ಇತ್ತು. ಅದನ್ನು ಕೆಡವಿ ಮನೆ ಕಟ್ಟಿದರು, ಓಡಿದವರ ಹೆಸರನ್ನು ಬೀದಿಗಳಿಗೆ ಇಟ್ಟರು. ಬ್ರಿಟನ್ನಿನ ಎಷ್ಟೋ ಟ್ರ್ಯಾಕ್‌ಗಳಿಗೆ ಇಷ್ಟು ಗುರುತೂ ಉಳಿದಿಲ್ಲ.

ಈ ಆಟದ ಹಳೆಯ ಅಭಿಮಾನಿಗಳು ಯಾಕೆ ಇಷ್ಟು ಹಂಬಲಿಸುತ್ತಾರೆ ಎಂದು ತಿಳಿಯಬೇಕಾದರೆ ಮೊದಲು ಓಟದ ಬಗೆ ಗೊತ್ತಿರಬೇಕು. ಅಂಡಾಕಾರದ ಮಣ್ಣಿನ ಟ್ರ್ಯಾಕ್, ನಾಲ್ಕು ಸವಾರರು, ನಾಲ್ಕು ಸುತ್ತು, ಸುಮಾರು ಒಂದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಗೆದ್ದವರಿಗೆ 3 ಅಂಕ, ಆಮೇಲಿನವರಿಗೆ 2 ಮತ್ತು 1, ಕೊನೆಯವರಿಗೆ ಸೊನ್ನೆ. ಬೈಕು 500 ಸಿಸಿ, ಒಂದೇ ಸಿಲಿಂಡರ್, ಒಂದೇ ಗೇರು, ಬ್ರೇಕೇ ಇಲ್ಲ. ಮುಂದಿನವನು ಬಾಗಿನಲ್ಲಿ ತಟ್ಟನೆ ಬ್ರೇಕು ಹಾಕಿದರೆ ಹಿಂದಿನ ಮೂವರೂ ಅವನ ಮೇಲೆ ಬೀಳುತ್ತಾರೆ, ಅದಕ್ಕೇ ಬ್ರೇಕು ಇಡುವುದಿಲ್ಲ. ವೇಗ ತಗ್ಗಿಸುವುದು ಜಾರಾಟದಿಂದ. ಬಾಗು ಬರುತ್ತಿದ್ದಂತೆ ಸವಾರ ಹಿಂದಿನ ಚಕ್ರದ ಹಿಡಿತ ಬಿಡಿಸಿ, ಬೈಕನ್ನು ಎಡಕ್ಕೆ ಒರಗಿಸಿ, ಹ್ಯಾಂಡಲನ್ನು ಬಲಕ್ಕೆ ತಿರುಗಿಸುತ್ತಾನೆ. ಉಕ್ಕಿನ ಅಟ್ಟೆ ಕಟ್ಟಿದ ಎಡಗಾಲು ನೆಲ ಸವರುತ್ತಿರುತ್ತದೆ. ಅಲ್ಲಿಂದ ಮುಂದೆ ಬೈಕನ್ನು ತಿರುಗಿಸುವುದು ಹ್ಯಾಂಡಲ್‌ಗಿಂತ ಹೆಚ್ಚಾಗಿ ಥ್ರಾಟಲ್. ಬಾಗಿನ ನಡುವೆ ಥ್ರಾಟಲ್ ಪೂರ್ತಿ ಬಿಟ್ಟರೆ ಟೈರು ಒಮ್ಮೆಲೇ ನೆಲ ಕಚ್ಚಿಕೊಂಡು ಬೈಕು ನೆಟ್ಟಗೆ ಬೇಲಿಯತ್ತ ನುಗ್ಗುತ್ತದೆ. ಹೊಸಬರು ಬೀಳುವುದು ಬಹುಪಾಲು ಹೀಗೆಯೇ, ಹೆದರಿ ಕೈ ಸಡಿಲಿಸಿದಾಗ.

ಆಸ್ಟ್ರೇಲಿಯಾದ ವೆಸ್ಟ್ ಮೈಟ್‌ಲೆಂಡ್‌ನಲ್ಲಿ 1923ರ ಡಿಸೆಂಬರ್‌ನಲ್ಲಿ ಹಾಸ್ಕಿನ್ಸ್ ನಡೆಸಿದ ರಾತ್ರಿ ಓಟದಿಂದ ಈ ಆಟ ಬೆಳೆಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಬ್ರಿಟನ್ನಿನಲ್ಲಿ 1927ರಲ್ಲೇ ಕ್ಯಾಂಬರ್ಲಿ ಮತ್ತು ಡ್ರಾಯ್ಲ್ಸ್‌ಡನ್‌ನಲ್ಲಿ ಮಣ್ಣಿನ ಮೇಲೆ ಬೈಕುಗಳು ಓಡಿದ್ದವು. ಆದರೆ ಜನ ಮುಗಿಬಿದ್ದದ್ದು 1928ರ ಫೆಬ್ರವರಿ 19ರಂದು, ಎಪ್ಪಿಂಗ್ ಕಾಡಿನ ಹೈ ಬೀಚ್‌ನಲ್ಲಿ, ಕಿಂಗ್ಸ್ ಓಕ್ ಎಂಬ ಪಬ್ಬಿನ ಹಿಂಬದಿಯ ಬಯಲಿನಲ್ಲಿ. ಕೆಲವು ಸಾವಿರ ಜನರನ್ನು ನಿರೀಕ್ಷಿಸಿದ್ದ ಆಯೋಜಕರಿಗೆ ಹತ್ತಾರು ಸಾವಿರ ಜನರನ್ನು ಸಂಭಾಳಿಸಬೇಕಾಯಿತು. ಆ ವರ್ಷವೇ ಊರೂರಿನಲ್ಲಿ ಟ್ರ್ಯಾಕ್ ತೆರೆದವು, ಮರುವರ್ಷ ಲೀಗ್ ಶುರುವಾಯಿತು.

ಇಲ್ಲೊಂದು ವಿಷಯವನ್ನು ನಿಧಾನವಾಗಿ ನೋಡಬೇಕು, ಮುಂದಿನದ್ದಕ್ಕೆಲ್ಲ ಅದೇ ಬೇರು. ಸ್ಪೀಡ್‌ವೇ ಆಯೋಜಕರಲ್ಲಿ ಹೆಚ್ಚಿನವರಿಗೆ ಸ್ವಂತ ನೆಲವಿರಲಿಲ್ಲ. ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಗ್ರೇಹೌಂಡ್ ನಾಯಿ ಓಟಕ್ಕೆಂದು ದೀಪ, ಗ್ಯಾಲರಿ, ಟಿಕೆಟ್ ಕಿಟಕಿ ಎಲ್ಲ ಇರುವ ಸ್ಟೇಡಿಯಂಗಳು ಏಳುತ್ತಿದ್ದವು. ನಾಯಿ ಓಡುವ ಪಥದ ಪಕ್ಕದಲ್ಲೇ ಬೈಕಿನ ಪಥ ಹಾಕಿಕೊಂಡು ವಾರಕ್ಕೊಂದು ರಾತ್ರಿ ಬಾಡಿಗೆಗೆ ಓಡಿಸುವುದು ಸುಲಭವಾಗಿತ್ತು. ಬಂಡವಾಳವಿಲ್ಲದೆ ಆಟ ದೇಶವೆಲ್ಲ ಹಬ್ಬಿದ್ದು ಹಾಗೆ. ಆದರೆ ಒಡೆಯ ಬೇರೆ, ಬಾಡಿಗೆದಾರ ಬೇರೆ ಎಂಬ ಲೆಕ್ಕವೂ ಅಲ್ಲೇ ಬರೆದುಹೋಯಿತು.

1936ರಿಂದ ವೆಂಬ್ಲಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ನಡೆಯತೊಡಗಿತು. ಮೊದಲು ಗೆದ್ದವರು ಆಸ್ಟ್ರೇಲಿಯಾದ ಲಯನೆಲ್ ವ್ಯಾನ್ ಪ್ರಾಗ್. ಯುದ್ಧ ಮುಗಿದ ಮೇಲೆ ಜನ ಇನ್ನೂ ಹೆಚ್ಚಾದರು. 1949ರಲ್ಲಿ ಟಾಮಿ ಪ್ರೈಸ್ ಇಂಗ್ಲೆಂಡಿನ ಮೊದಲ ವಿಶ್ವ ಚಾಂಪಿಯನ್ ಆದಾಗ ವೆಂಬ್ಲಿಯಲ್ಲಿ 90 ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ಫುಟ್‌ಬಾಲ್ ಆಟಗಾರರ ಸಂಬಳಕ್ಕೆ 1961ರವರೆಗೆ ಮಿತಿಯಿತ್ತು. ಅಂಕಕ್ಕೆ ಇಷ್ಟೆಂದು ಹಣ ಪಡೆಯುತ್ತಿದ್ದ ಸ್ಪೀಡ್‌ವೇ ತಾರೆಗಳು ಅವರನ್ನು ಗಳಿಕೆಯಲ್ಲಿ ಹಿಂದೆ ಹಾಕಿದ್ದರು.

ಇಳಿತವೂ ಬೇಗ ಬಂತು. ಸ್ಪೀಡ್‌ವೇ ಟಿಕೆಟ್ ಮೇಲೆ ಫುಟ್‌ಬಾಲ್‌ಗಿಂತ ಹೆಚ್ಚಿನ ಮನರಂಜನಾ ತೆರಿಗೆ ಬಿತ್ತು, ಮನೆಮನೆಗೆ ಟಿವಿ ಬಂತು. ವೆಂಬ್ಲಿ ಲಯನ್ಸ್ ತಂಡಕ್ಕೆ ಆಸರೆಯಾಗಿದ್ದ ಸರ್ ಆರ್ಥರ್ ಎಲ್ವಿನ್ 1957ರಲ್ಲಿ ತೀರಿಕೊಂಡರು, ತಂಡ ಲೀಗ್‌ನಿಂದ ಹೊರಬಂತು. 1959ಕ್ಕೆ ರಾಷ್ಟ್ರೀಯ ಲೀಗ್‌ನಲ್ಲಿ ಉಳಿದದ್ದು 9 ತಂಡ. ಮರುವರ್ಷ ಸಣ್ಣ ಊರುಗಳನ್ನು ನೆಚ್ಚಿಕೊಂಡು ಪ್ರಾವಿನ್ಷಿಯಲ್ ಲೀಗ್ ಹುಟ್ಟಿತು. ಎರಡೂ ಸೇರಿ 1965ರಲ್ಲಿ 18 ತಂಡಗಳ ಬ್ರಿಟಿಷ್ ಲೀಗ್ ಆಯಿತು. ಇಂದು ಹಳಬರು ಹೆಚ್ಚಾಗಿ ನೆನೆಯುವುದು ಆಮೇಲಿನ ಎರಡು ದಶಕಗಳನ್ನು. ಆರು ಸಲ ವಿಶ್ವ ಚಾಂಪಿಯನ್ ಆದ ನ್ಯೂಜಿಲೆಂಡಿನ ಐವನ್ ಮಾಗರ್, ಡೆನ್ಮಾರ್ಕಿನ ಓಲೆ ಓಲ್ಸೆನ್, ಸ್ವೀಡನ್ನಿನ ಆಂಡರ್ಸ್ ಮಿಖಾನೆಕ್, ಮ್ಯಾಂಚೆಸ್ಟರಿನ ಪೀಟರ್ ಕಾಲಿನ್ಸ್ ಎಲ್ಲರೂ ವಾರವಾರವೂ ಬ್ರಿಟನ್ನಿನ ಊರುಗಳಲ್ಲೇ ಓಡುತ್ತಿದ್ದರು. ಜಗತ್ತಿನ ಅತ್ಯುತ್ತಮ ಸವಾರ ತನ್ನ ಬೈಕನ್ನು ತಾನೇ ವ್ಯಾನಿಗೆ ಹೇರುವುದನ್ನು ಊರಿನ ಹುಡುಗರು ಹತ್ತಿರ ನಿಂತು ನೋಡಬಹುದಿತ್ತು.

ಹಳೆಯ ಅಭಿಮಾನಿಗಳನ್ನು ಕೇಳಿದರೆ ಮೊದಲು ಹೇಳುವುದು ವಾಸನೆಯ ಮಾತು. ಅದು ಉರಿದ ಹರಳೆಣ್ಣೆಯದು. 1930ರ ಸುಮಾರಿಗೆ ಬಂದು ಮೂರು ದಶಕಕ್ಕೂ ಹೆಚ್ಚು ಕಾಲ ಟ್ರ್ಯಾಕ್ ಆಳಿದ ಜಾಪ್ ಎಂಜಿನ್ ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿ ತಯಾರಾಗುತ್ತಿತ್ತು. ಬೋರ್ (ಸಿಲಿಂಡರಿನ ಒಳವ್ಯಾಸ) 80 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 99 ಮಿ.ಮೀ., ಎರಡು ವಾಲ್ವ್. ಇದರಲ್ಲಿ ಜಾರಿಕೆಗೆ ಹಾಕುವ ಹರಳೆಣ್ಣೆ ಸುತ್ತಿ ವಾಪಸ್ ಬರುವುದಿಲ್ಲ. ಪಿಲ್‌ಗ್ರಿಮ್ ಎಂಬ ಎಣ್ಣೆ ಪಂಪು ಹನಿಹನಿಯಾಗಿ ಒಳಗೆ ಬಿಟ್ಟದ್ದು ಅಲ್ಲೇ ಉರಿಯುತ್ತದೆ ಇಲ್ಲವೇ ಹೊರಗೆ ಚೆಲ್ಲುತ್ತದೆ. ಇಂಧನ ಮೆಥನಾಲ್ ಎಂಬ ಮದ್ಯಸಾರ. ಒಂದು ಕಿಲೊ ಪೆಟ್ರೋಲ್ ಉರಿಯಲು 14.7 ಕಿಲೊ ಗಾಳಿ ಬೇಕು, ಮೆಥನಾಲ್‌ಗೆ ಸುಮಾರು 6.4 ಕಿಲೊ ಸಾಕು. ಅಂದರೆ ಅದೇ ಗಾಳಿಗೆ ಎರಡು ಪಟ್ಟಿಗಿಂತ ಹೆಚ್ಚು ಇಂಧನ ಹೋಗಬೇಕು, ಕಾರ್ಬೊರೇಟರಿನ ಜೆಟ್, ಅಂದರೆ ಇಂಧನ ಬಿಡುವ ತೂತು, ಅಷ್ಟು ದೊಡ್ಡದಿರಬೇಕು. ಜೆಟ್ ಕಿರಿದಾದರೆ ಪಿಸ್ಟನ್ ತಲೆ ಕರಗಿ ತೂತು ಬೀಳುತ್ತದೆ.

ವರ್ಷಗಟ್ಟಲೆ ಶೆಡ್ಡಿನಲ್ಲಿ ಬಿದ್ದ ಜಾಪ್ ಎಂಜಿನನ್ನು ಎಬ್ಬಿಸಲು ಹೋಗುವವರು ಮಾಡುವ ದೊಡ್ಡ ತಪ್ಪೆಂದರೆ ಮೊದಲ ದಿನವೇ ಅದನ್ನು ತಿರುಗಿಸುವುದು. ಹಳೆಯ ಹರಳೆಣ್ಣೆ ಅಂಟಾಗಿ ಗಟ್ಟಿಯಾಗಿರುತ್ತದೆ, ಪಿಸ್ಟನ್ ರಿಂಗುಗಳು ತಮ್ಮ ತೋಡುಗಳಲ್ಲೇ ಕಚ್ಚಿಕೊಂಡಿರುತ್ತವೆ. ಬಲವಂತ ಮಾಡಿದರೆ ಮುರಿಯುತ್ತವೆ. ಪೆಟ್ರೋಲಿಗೆ ಈ ಅಂಟು ಸರಿಯಾಗಿ ಬಿಡುವುದಿಲ್ಲ, ಸ್ಪಿರಿಟ್ ಬೇಕು. ಪ್ಲಗ್ಗಿನ ತೂತಿನಿಂದ ಸ್ಪಿರಿಟ್ ಹುಯ್ದು ಒಂದೆರಡು ದಿನ ಬಿಡಬೇಕು. ಆಮೇಲೆ ಎಣ್ಣೆಯ ದಾರಿಗಳನ್ನೆಲ್ಲ ಬಿಚ್ಚಿ ತೊಳೆದು, ಪಂಪಿನಲ್ಲಿ ಹನಿ ಬೀಳುವುದನ್ನು ಕಣ್ಣಾರೆ ನೋಡಿಯೇ ಮುಂದುವರಿಯಬೇಕು. ಕನೆಕ್ಟಿಂಗ್ ರಾಡಿನ ಕೆಳತುದಿಯ ಬಿಗ್ ಎಂಡ್ ಬೇರಿಂಗಿಗೆ ಎಣ್ಣೆ ತಲುಪದಿದ್ದರೆ ಕನೆಕ್ಟಿಂಗ್ ರಾಡ್ ಮುರಿದು ಕ್ರ್ಯಾಂಕ್‌ಕೇಸ್ ಒಡೆದುಕೊಂಡು ಬರುತ್ತದೆ, ಹಳೆಯ ಕೇಸು ಮತ್ತೆ ಸಿಗುವುದು ಕಷ್ಟ. ಪ್ಲಗ್ಗಿಗೆ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟೊ ತಣ್ಣಗಿದ್ದಾಗ ಕಿಡಿ ಕೊಟ್ಟು ಬಿಸಿಯಾದ ಮೇಲೆ ಕೈಕೊಟ್ಟರೆ ಒಳಗಿನ ಕಾಯಿಲ್ ಹಾಳಾಗಿರುವ ಸಾಧ್ಯತೆಯೇ ಹೆಚ್ಚು, ಮತ್ತೆ ಸುತ್ತಿಸಬೇಕು.

ಓಡಿಸಿದ ದಿನವೇ ಟ್ಯಾಂಕು ಮತ್ತು ಕಾರ್ಬೊರೇಟರ್ ಖಾಲಿ ಮಾಡಬೇಕು. ಮೆಥನಾಲ್ ಗಾಳಿಯ ತೇವ ಹೀರಿಕೊಂಡು ಅಲ್ಯೂಮಿನಿಯಂ ಭಾಗಗಳಲ್ಲಿ ಬಿಳಿ ಪುಡಿ ಕಟ್ಟಿಸುತ್ತದೆ, ಜೆಟ್ಟುಗಳು ಕಟ್ಟಿಕೊಳ್ಳುತ್ತವೆ. ಚರ್ಮದ ಮೂಲಕವೂ ಅದು ವಿಷ, ಕೈಗವಸು ಬೇಕೇ ಬೇಕು. ಹಗಲಲ್ಲಿ ಅದರ ಬೆಂಕಿ ಕಣ್ಣಿಗೆ ಬೀಳುವುದಿಲ್ಲ. ಅದು ನೀರಿನಲ್ಲಿ ಬೆರೆಯುವುದರಿಂದ ನೀರಿಗೆ ಆರುತ್ತದೆ, ಬಕೆಟ್ ನೀರು ಪಕ್ಕದಲ್ಲೇ ಇರಲಿ.

ಜಾಪ್ ನಂತರ ಚೆಕ್ ದೇಶದ ಈಸೊ ಬಂತು, ಅದೇ ಮುಂದೆ ಜಾವಾ ಆಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ನಮಗೆ ಪರಿಚಯವಾದ ಹೆಸರೇ. 1970ರ ದಶಕದ ನಡುವೆ ನಾಲ್ಕು ವಾಲ್ವಿನ ವೆಸ್ಲೇಕ್ ಬಂದು ಎಲ್ಲ ಬದಲಿಸಿತು, ಕಾಲಿನ್ಸ್ 1976ರಲ್ಲಿ ವಿಶ್ವ ಪಟ್ಟ ಗೆದ್ದದ್ದು ಅದರ ಮೇಲೆ. ಎಂಜಿನ್ ಬಲವಾದಂತೆ ಖರ್ಚೂ ಏರಿತು.

ಸವಾರರು ಇದಕ್ಕೆ ತೆತ್ತ ಬೆಲೆಯನ್ನು ಹಳೆಯ ನೆನಪುಗಳ ಸಡಗರದಲ್ಲಿ ಮರೆಯಬಾರದು. 1955 ಮತ್ತು 1962ರ ಚಾಂಪಿಯನ್ ಪೀಟರ್ ಕ್ರೇವನ್ 1963ರಲ್ಲಿ ಎಡಿನ್‌ಬರೋದಲ್ಲಿ ಬಿದ್ದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಮೂರು ಸಲ ಗೆದ್ದ ಎರಿಕ್ ಗುಂಡರ್ಸನ್ ಅವರ ಓಟ 1989ರಲ್ಲಿ ಬ್ರ್ಯಾಡ್‌ಫರ್ಡಿನ ಅಪಘಾತದಲ್ಲಿ ಮುಗಿಯಿತು. ಗಾಯಾಳು ಸವಾರರಿಗೆಂದು ಬೆನೆವೊಲೆಂಟ್ ಫಂಡ್ ಎಂಬ ನೆರವಿನ ನಿಧಿ ಇದೆ. ಹಳೆಯ ಸವಾರರು 1957ರಲ್ಲಿ ಕಟ್ಟಿಕೊಂಡ ಸಂಘ ಇಂದು ವರ್ಲ್ಡ್ ಸ್ಪೀಡ್‌ವೇ ರೈಡರ್ಸ್ ಅಸೋಸಿಯೇಷನ್ ಎಂಬ ಹೆಸರಿನಲ್ಲಿದೆ.

ಮತ್ತೆ ನೆಲದ ವಿಚಾರ. ವೆಂಬ್ಲಿ ಲಯನ್ಸ್ 1970ರಲ್ಲಿ ಮರಳಿ ಬಂದರೂ ಎರಡೇ ವರ್ಷದಲ್ಲಿ ನಿಂತಿತು, ಸ್ಟೇಡಿಯಂ ಬೇಕಾದ ದಿನ ಸಿಗುತ್ತಿರಲಿಲ್ಲ. ಮ್ಯಾಂಚೆಸ್ಟರಿನ ಬೆಲ್ ವ್ಯೂ ತಂಡದ ಹೈಡ್ ರೋಡ್ ಟ್ರ್ಯಾಕ್ 1987ರಲ್ಲಿ ಹೋಯಿತು. ಕ್ರ್ಯಾಡ್ಲಿ ಹೀತ್ 1995ರಲ್ಲಿ ನೆಲೆ ಕಳೆದುಕೊಂಡಿತು. ಹ್ಯಾಕ್ನಿಯ ಜಾಗ ಈಗ ಒಲಿಂಪಿಕ್ ಪಾರ್ಕಿನೊಳಗಿದೆ. ವಿಂಬಲ್ಡನ್ ಸ್ಟೇಡಿಯಂ ಇದ್ದಲ್ಲಿ ಫುಟ್‌ಬಾಲ್ ಮೈದಾನ ಬಂದಿದೆ. ವುಲ್ವರ್‌ಹ್ಯಾಂಪ್ಟನ್‌ನ ಮನ್‌ಮೋರ್ ಗ್ರೀನ್‌ನಲ್ಲಿ 2023 ಕೊನೆಯ ವರ್ಷ, ಪೀಟರ್‌ಬರೋದಲ್ಲೂ ಅಷ್ಟೇ. ಜನ ಕಡಿಮೆಯಾದದ್ದು ನಿಜ, ಒಳ್ಳೆಯ ಸವಾರರು ಹೆಚ್ಚು ಹಣ ಕೊಡುವ ಪೋಲೆಂಡ್ ಲೀಗಿಗೆ ಹೊರಳಿದ್ದೂ ನಿಜ. ಆದರೆ ಬಾಡಿಗೆ ಮುಗಿದು ಎತ್ತಂಗಡಿಯಾದ ತಂಡಗಳಲ್ಲಿ ಎಷ್ಟೋ ತಂಡಗಳಿಗೆ ಇನ್ನೂ ನೋಡುಗರಿದ್ದರು.

ಸ್ಪೀಡ್‌ವೇಗೆಂದೇ ಕಟ್ಟಿದ ನೆಲೆಯೂ ಸುಲಭವಲ್ಲ ಎಂಬುದನ್ನು ಬೆಲ್ ವ್ಯೂ ತೋರಿಸಿತು. 2016ರ ಮಾರ್ಚ್‌ನಲ್ಲಿ ಹೊಸ ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಂನ ಮೊದಲ ಸಂಜೆಯೇ ರದ್ದಾಯಿತು, ಟ್ರ್ಯಾಕ್ ಓಡಲು ಸುರಕ್ಷಿತವಾಗಿರಲಿಲ್ಲ. ತಳ ಗಟ್ಟಿಯಾಗಿ ಕೂತು, ಅದರ ಮೇಲಿನ ಸಡಿಲ ಪದರಕ್ಕೆ ಹದವಾಗಿ ನೀರು ಹಿಡಿದಿರಬೇಕು. ನೀರು ಹೆಚ್ಚಾದರೆ ಬಾಗಿನ ಬಾಯಲ್ಲಿ ಕುಳಿ ಬಿದ್ದು ಚಕ್ರ ಪುಟಿಯುತ್ತದೆ, ಕಡಿಮೆಯಾದರೆ ಮಣ್ಣೆಲ್ಲ ಬೇಲಿಗೆ ಹಾರಿ ಒಳಪಥ ನುಣುಪಾಗುತ್ತದೆ, ಮುಂದಿನವನನ್ನು ದಾಟಲು ದಾರಿಯೇ ಸಿಗುವುದಿಲ್ಲ. ದೋಷ ಸರಿಪಡಿಸಿದ ಆ ಟ್ರ್ಯಾಕಿನಲ್ಲಿ ತಂಡ 2022ರಲ್ಲಿ ಲೀಗ್ ಗೆದ್ದಿತು.

ನೆನಪನ್ನು ಕೆಲಸಕ್ಕೆ ಹಚ್ಚಿದ ಊರುಗಳೂ ಇವೆ. ಆಕ್ಸ್‌ಫರ್ಡಿನ ಸ್ಟೇಡಿಯಂ ಜಾಗದಲ್ಲಿ ಮನೆ ಕಟ್ಟುವ ಯೋಜನೆಗೆ ಅನುಮತಿ ಸಿಗಲಿಲ್ಲ, ಆ ಪ್ರದೇಶ ಸಂರಕ್ಷಿತವೆಂದು ಘೋಷಣೆಯಾಯಿತು, 2022ರಲ್ಲಿ ಅಲ್ಲಿ ಮತ್ತೆ ಬೈಕುಗಳು ಓಡಿದವು. ಕೊವೆಂಟ್ರಿ ತಂಡದ ಬ್ರ್ಯಾಂಡನ್ ಸ್ಟೇಡಿಯಂ 2016ರ ನಂತರ ಹಾಳುಬಿದ್ದಿದೆ. ಅಭಿಮಾನಿಗಳು ಹಳೆಯ ಲೆಕ್ಕಪತ್ರ, ಹಾಜರಿ, ಚಿತ್ರಗಳನ್ನೆಲ್ಲ ಹೊತ್ತು ಯೋಜನಾ ವಿಚಾರಣೆಗೆ ಹೋದರು. ಅಲ್ಲಿ ಮನೆ ಕಟ್ಟುವ ಅರ್ಜಿಯನ್ನು ರಗ್ಬಿ ಬರೋ ಕೌನ್ಸಿಲ್ 2022ರಲ್ಲಿ ತಿರಸ್ಕರಿಸಿತು, ಆಮೇಲೆ ಮೇಲ್ಮನವಿಯೂ ಬಿದ್ದುಹೋಯಿತು.